ಲುಂಗಿ, ಗೆಜ್ಜೆ, ಗಿಟಾರು: ರಘು ದೀಕ್ಷಿತ್ ಪ್ರಾಜೆಕ್ಟ್ ಬೆಳೆದು ಬಂದ ದಾರಿ

ಮೈಸೂರಿನಲ್ಲಿ ಮೊಳೆತು ಬೆಂಗಳೂರಿನಲ್ಲಿ ಬೆಳೆದ ಬ್ಯಾಂಡೊಂದರ ಚರಿತ್ರೆ ಅಕ್ಕಲಕೋಟ ಸೀಮೆಯ ತಡವಳದ ಸ್ಮರಣ ಸಂಚಿಕೆಗೆ ಏಕೆ ಬೇಕು ಎಂದು ಯಾರಾದರೂ ಕೇಳಿದರೆ, ಉತ್ತರ ನಮ್ಮ ಹಳ್ಳಿಗಳ ಭಜನಿ ಮ್ಯಾಳಗಳಲ್ಲೇ ಇದೆ. ಭೀಮಾ ನದಿಯ ಈ ಕಡೆಯ ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲ್ಲೂಕುಗಳಲ್ಲಾಗಲಿ, ನೆರೆಯ ಇಂಡಿ, ಅಫಜಲಪುರ, ಆಳಂದ ಸೀಮೆಯಲ್ಲಾಗಲಿ ಶಿಶುನಾಳ ಷರೀಫರ ಹೆಸರು ಕೇಳದ ಮ್ಯಾಳ ಸಿಗುವುದು ಕಷ್ಟ. ಅಮಾಸಿಯ ರಾತ್ರಿ ಗುಡಿಯಲ್ಲಿ, ಜಾತ್ರೆಯ ದಿನ ಮಠದ ಅಂಗಳದಲ್ಲಿ, ಯಾರಾದರೂ ತೀರಿಹೋದರೆ ಆ ಮನೆಯ ಕಟ್ಟೆಯ ಮೇಲೆ, ಪೇಟಿ, ತಬಲಾ, ದಮ್ಮಡಿ, ತಾಳ, ಏಕತಾರಿ ಇಟ್ಟುಕೊಂಡು ಬೆಳಗಾಗುವವರೆಗೆ ಹಾಡುವ ಪದಗಳವು. ಅಂಥ ಎರಡು ಪದಗಳು 2008ರಲ್ಲಿ ಗಿಟಾರು, ಡ್ರಮ್ಸು, ಪಿಟೀಲಿನ ಜೊತೆಗೂಡಿ ಒಂದು ಆಲ್ಬಮ್ಮಿನಲ್ಲಿ ಬಂದವು. ಅವನ್ನು ಹೊತ್ತ ಬ್ಯಾಂಡು ಮುಂದೆ ಇಂಗ್ಲೆಂಡಿನ ಬಯಲು ಉತ್ಸವಗಳವರೆಗೆ ಹೋಯಿತು. ಆ ಬ್ಯಾಂಡು ಹುಟ್ಟಿದ್ದು ಹೇಗೆ, ಉಳಿದದ್ದು ಹೇಗೆ, ಯಾರ ಹಣದಿಂದ ನಡೆಯಿತು ಎಂಬುದನ್ನು ಬರೆದಿಡುವುದು ಹಾಡುವ ಹುಡುಗ ಹುಡುಗಿಯರಿರುವ ಪ್ರತಿ ಊರಿಗೂ ಉಪಯೋಗದ ಕೆಲಸ ಎಂದು ನಾನು ನಂಬಿದ್ದೇನೆ.

ಆ ಬ್ಯಾಂಡಿನ ಹಾಡುಗಳಲ್ಲಿ ಪಶ್ಚಿಮದ ಗಿಟಾರು ಹಾಡಿನ ಎಳೆಯೂ ಇದೆ; ಮೊದಲು ಅದರ ವಂಶಾವಳಿಯನ್ನು ಸ್ವಲ್ಪ ಹೇಳಬೇಕು. ಮನಸ್ಸಿನ ನೋವು, ಒಂಟಿತನ, ಮುರಿದ ಪ್ರೀತಿ ಇವನ್ನು ಮುಚ್ಚುಮರೆಯಿಲ್ಲದೆ ಗಿಟಾರಿನ ಅಬ್ಬರದ ಮೇಲೆ ಹಾಡುವ ಪದ್ಧತಿ ಅಮೆರಿಕದಲ್ಲಿ 1980ರ ದಶಕದ ನಡುವಿನಲ್ಲಿ, ವಾಷಿಂಗ್ಟನ್ ನಗರದ ರೈಟ್ಸ್ ಆಫ್ ಸ್ಪ್ರಿಂಗ್‌ನಂಥ ಬ್ಯಾಂಡುಗಳಿಂದ ಶುರುವಾಯಿತು. ಅದಕ್ಕೆ ಎಮೋ ಎಂಬ ಹೆಸರು ಬಿತ್ತು. ಅದೇ ಹಾಡು ಕಿವಿಗೆ ಹಿತವಾದ ಪಲ್ಲವಿ ಕಟ್ಟಿಕೊಂಡು ರೇಡಿಯೋಗೆ ಬಂದಾಗ ಎಮೋ-ಪಾಪ್ ಆಯಿತು. ಆ ದಾರಿಯ ದೊಡ್ಡ ಹೆಸರು ಅರಿಜೋನಾ ರಾಜ್ಯದ ಮೇಸಾ ಊರಿನ ಜಿಮ್ಮಿ ಈಟ್ ವರ್ಲ್ಡ್. 1993ರಲ್ಲಿ ಕಟ್ಟಿದ ಆ ಬ್ಯಾಂಡನ್ನು 1999ರ ‘ಕ್ಲಾರಿಟಿ’ ಆಲ್ಬಮ್ಮಿನ ನಂತರ ಕ್ಯಾಪಿಟಲ್ ಎಂಬ ದೊಡ್ಡ ಕಂಪನಿ ಕೈಬಿಟ್ಟಿತು. ಹುಡುಗರು ಎದೆಗುಂದಲಿಲ್ಲ. ಮುಂದಿನ ಆಲ್ಬಮ್ಮಿನ ಧ್ವನಿಮುದ್ರಣದ ಖರ್ಚನ್ನು ತಾವೇ ಹೊತ್ತರು. 2001ರಲ್ಲಿ ಬಂದ ಆ ‘ಬ್ಲೀಡ್ ಅಮೆರಿಕನ್’ನೊಳಗಿನ ‘ದಿ ಮಿಡ್ಲ್’ ಎಂಬ ಒಂದು ಹಾಡು ಅಮೆರಿಕದ ಮೊದಲ ಐದು ಹಾಡುಗಳ ಸಾಲಿಗೆ ಏರಿತು. ಕಂಪನಿ ಬಾಗಿಲು ಮುಚ್ಚಿದ ಮೇಲೆ ಸ್ವಂತ ಕಾಸಿನಿಂದ ಹಾಡು ಮಾಡಿ ಗೆದ್ದ ಈ ಕಥೆಯನ್ನು ಇಲ್ಲಿ ಹೇಳಿದ್ದಕ್ಕೆ ಕಾರಣವಿದೆ. ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಒಬ್ಬ ಹಾಡುಗಾರ ಕಂಪನಿಗಳ ಬಾಗಿಲು ಬಡಿಯುತ್ತಿದ್ದ.

ನಮ್ಮಲ್ಲಿ ಆ ಬಾಗಿಲು ಇನ್ನೂ ಕಿರಿದಾಗಿತ್ತು. ಸಿನಿಮಾದ ಹೊರಗೆ ಕನ್ನಡ ಹಾಡಿಗೆ ಒಂದು ಮಾರುಕಟ್ಟೆ ಇದೆ ಎಂದು ತೋರಿಸಿಕೊಟ್ಟದ್ದು 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಆ ಕ್ಯಾಸೆಟ್ಟು ಭಾವಗೀತೆಯನ್ನು ಆಕಾಶವಾಣಿಯಿಂದಾಚೆ ಮನೆಮನೆಗೆ ತಂದಿತು. ಆಮೇಲೆ ಸಿ. ಅಶ್ವತ್ಥ್ ಷರೀಫರ ಪದಗಳನ್ನು ಎತ್ತಿಕೊಂಡರು. 1990ರಲ್ಲಿ ಟಿ. ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಚಿತ್ರ ಅಶ್ವತ್ಥರ ಸಂಗೀತದೊಡನೆ ಬಂದು ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಪಡೆಯಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅಶ್ವತ್ಥರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನಸಾಗರವೇ ಸೇರಿತ್ತು. ಇಷ್ಟಾದರೂ ಅದು ಒಬ್ಬ ಗಾಯಕ, ಒಬ್ಬ ಕವಿ, ಹಿಂದೆ ಕುಳಿತ ವಾದ್ಯದವರು ಎಂಬ ವ್ಯವಸ್ಥೆ. ನಾಲ್ಕಾರು ಜನ ಸಮಸಮವಾಗಿ ನಿಂತು ತಾವೇ ಹಾಡು ಕಟ್ಟಿ ತಾವೇ ನುಡಿಸುವ ಬ್ಯಾಂಡು ಅದಾಗಿರಲಿಲ್ಲ.

ಬ್ಯಾಂಡುಗಳು ಬೆಂಗಳೂರಿನಲ್ಲಿ ಇರಲಿಲ್ಲವೆಂದಲ್ಲ. ಕಾಲೇಜು ಉತ್ಸವಗಳು, ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆಯುವ ಫ್ರೀಡಂ ಜ್ಯಾಮ್‌ನಂಥ ಬಯಲು ಕಾರ್ಯಕ್ರಮಗಳು ಆ ನಗರಕ್ಕೆ ರಾಕ್ ಸಂಗೀತದ ಊರು ಎಂಬ ಹೆಸರು ತಂದಿದ್ದವು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಇಂದಿಗೂ ಹೆಸರಾಂತ ಬ್ಯಾಂಡು. ಆದರೆ ಅಲ್ಲಿನ ಹಾಡಿನ ಭಾಷೆ ಬಹುಮಟ್ಟಿಗೆ ಇಂಗ್ಲಿಷು. ದೆಹಲಿಯ ಇಂಡಿಯನ್ ಓಷನ್ 1990ರಿಂದಲೇ ದೇಶೀ ಧಾಟಿಯನ್ನು ಗಿಟಾರಿಗೆ ಹೊಂದಿಸುತ್ತ 2000ದ ‘ಕಂದೀಸ’ ಆಲ್ಬಮ್ಮಿನಿಂದ ದೊಡ್ಡ ಹೆಸರು ಮಾಡಿತ್ತು. ಕೇರಳದಲ್ಲಿ ಅವಿಯಲ್ ಎಂಬ ಬ್ಯಾಂಡು ಮಲಯಾಳದಲ್ಲೇ ರಾಕ್ ಹಾಡಲು ಅಣಿಯಾಗುತ್ತಿತ್ತು. ಕನ್ನಡದಲ್ಲಿ ಆ ಸ್ಥಳ ಖಾಲಿಯಿತ್ತು.

ಆ ಸ್ಥಳಕ್ಕೆ ಬಂದ ರಘುಪತಿ ದೀಕ್ಷಿತ್ ಹುಟ್ಟಿದ್ದು ಮಹಾರಾಷ್ಟ್ರದ ನಾಸಿಕದಲ್ಲಿ, 1974ರ ನವೆಂಬರ್ 11ರಂದು. ಬೆಳೆದದ್ದು ಮೈಸೂರಿನಲ್ಲಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ ಚಿನ್ನದ ಪದಕ ಪಡೆದವರು. ಚಿಕ್ಕಂದಿನಿಂದ ಭರತನಾಟ್ಯ ಕಲಿತವರು. ಗಿಟಾರು ಕೈಗೆ ಬಂದದ್ದು ಹತ್ತೊಂಬತ್ತರ ಸುಮಾರಿಗೆ, ಅದೂ ಒಂದು ಪಂಥದಿಂದ. ಗಂಡಸಾಗಿ ಭರತನಾಟ್ಯ ಮಾಡುತ್ತೀಯಲ್ಲ ಎಂದು ಕಾಲೇಜಿನ ಗೆಳೆಯನೊಬ್ಬ ಹಂಗಿಸಿದ. ನೀನು ನೃತ್ಯ ಕಲಿತು ತೋರಿಸು, ನಾನು ಗಿಟಾರು ಕಲಿತು ತೋರಿಸುತ್ತೇನೆ ಎಂದು ಇವರು ಪಂಥ ಕಟ್ಟಿದರು. ಗಿಟಾರು ಕಲಿತು ತೋರಿಸಿದರು. ಈ ಸಂಗತಿಯನ್ನು ಅವರೇ ಹಲವು ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. ಮುಂದೆ ಅವರ ಬ್ಯಾಂಡಿನ ಗುರುತಾದ ಕಾಲ್ಗೆಜ್ಜೆ ಬಂದದ್ದು ಆ ಭರತನಾಟ್ಯದಿಂದ ಎಂಬುದನ್ನು ನಾವು ಮರೆಯಬಾರದು. ಹಂಗಿಸಿದ ವಿದ್ಯೆಯನ್ನು ಬಚ್ಚಿಡದೆ ವೇದಿಕೆಯ ಮೇಲೇ ಕಟ್ಟಿಕೊಂಡು ನಿಂತದ್ದು ನನಗೆ ಬಹಳ ಇಷ್ಟವಾದ ಸಂಗತಿ.

1998ರಲ್ಲಿ ರಘು ದೀಕ್ಷಿತ್ ಮತ್ತು ಪಿಟೀಲು ವಾದಕ ಎಚ್. ಎನ್. ಭಾಸ್ಕರ್ ಸೇರಿ ‘ಅಂತರಾಗ್ನಿ’ ಎಂಬ ಬ್ಯಾಂಡು ಕಟ್ಟಿದರು. ಕರ್ನಾಟಕ ಸಂಗೀತದ ಪಿಟೀಲು ಒಂದು ಕಡೆ, ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿಯದ ಹಾಡುಗಾರನ ಬಿಚ್ಚುಗಂಟಲು ಇನ್ನೊಂದು ಕಡೆ. ಈ ಎರಡರ ನಡುವಿನ ಜಗ್ಗಾಟವೇ ಆ ಬ್ಯಾಂಡಿನ ಜೀವ. ನಡುವೆ ರಘು ವಿಜ್ಞಾನದ ಉದ್ಯೋಗಕ್ಕೆಂದು ಬೆಲ್ಜಿಯಂಗೆ ಹೋದರು. ಅಲ್ಲಿನ ರೇಡಿಯೋದಲ್ಲಿ ಅವರ ಹಾಡು ಕೇಳಿದವರ ಮೆಚ್ಚುಗೆ ಎಷ್ಟರ ಮಟ್ಟಿಗೆ ಹುರುಪು ಕೊಟ್ಟಿತೆಂದರೆ, ಹಾಡುವುದನ್ನೇ ಬದುಕು ಮಾಡಿಕೊಳ್ಳುವ ನಿರ್ಧಾರದೊಂದಿಗೆ ಊರಿಗೆ ಮರಳಿದರು. ವಿಜ್ಞಾನದ ಕೆಲಸ ಬಿಟ್ಟು ಸಂಗೀತಕ್ಕೆ ಬಂದದ್ದನ್ನು ಇಂದು ಸುಲಭವಾಗಿ ಹೊಗಳಬಹುದು. ಆಗ ಅದು ಆದಾಯದ ಖಾತ್ರಿಯಿಲ್ಲದ ಹೆಜ್ಜೆ.

ಅಂತರಾಗ್ನಿ 2005ರ ಸುಮಾರಿಗೆ ಒಡೆಯಿತು. ಬ್ಯಾಂಡುಗಳು ಒಡೆಯುವುದು ಅಪರೂಪವಲ್ಲ. ನಾಲ್ಕು ಜನರ ಸಂಸಾರ, ನಾಲ್ಕು ಜನರ ಸಾಲ, ನಾಲ್ಕು ಜನರ ಸಮಯ ಒಂದೇ ಕಡೆ ಹೊಂದುವುದು ಕಷ್ಟ. ರಘು ಇದಕ್ಕೆ ಕಂಡುಕೊಂಡ ಪರಿಹಾರವೇ ಸಂಸ್ಥೆಯ ದೃಷ್ಟಿಯಿಂದ ಅತ್ಯಂತ ಮಹತ್ವದ್ದು. ಸದಸ್ಯತ್ವ ಗಟ್ಟಿಯಾಗಿ ಕಟ್ಟಿದ ಬ್ಯಾಂಡಿನ ಬದಲು ಅವರು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ತೆರೆದ ಮನೆಯನ್ನು ಕಟ್ಟಿದರು. ನಮ್ಮಲ್ಲಿ ಸುಗ್ಗಿಯ ಕಾಲದಲ್ಲಿ ಮುಯ್ಯಾಳು ಬಂದು ಹೋಗುವಂತೆ ವಾದ್ಯದವರು ಬರಬಹುದು, ತಮ್ಮ ಕಲೆ ಕೊಡಬಹುದು, ಬೇರೆ ಕೆಲಸ ಕರೆದಾಗ ಹೋಗಬಹುದು. ಹಾಡಿನ ಒಡೆತನ, ಹೆಸರು, ಸಾಲದ ಹೊರೆ ಒಬ್ಬನ ತಲೆಯ ಮೇಲೆ. ಬಾಸ್ ಗಿಟಾರು ನುಡಿಸುತ್ತಿದ್ದ ಗೌರವ್ ವಾಜ್ ಬ್ಯಾಂಡಿನ ವ್ಯವಸ್ಥಾಪಕರ ಕೆಲಸವನ್ನೂ ಹೊತ್ತರು. ಕಾರ್ಯಕ್ರಮ ಗೊತ್ತುಮಾಡುವುದು, ಲೆಕ್ಕ ಇಡುವುದು, ಪ್ರಯಾಣ ಹೊಂದಿಸುವುದು ಹೊರಗಿನವರ ಪಾಲಾಗದೆ ವೇದಿಕೆಯ ಮೇಲೆ ನಿಲ್ಲುವವರ ಕೈಯಲ್ಲೇ ಉಳಿಯಿತು. ಈ ಬಗೆಯಲ್ಲಿ ಒಂದು ಕೊರತೆಯೂ ಇದೆ: ಹೆಸರು ಒಬ್ಬನದಾದಾಗ ಉಳಿದವರ ಪಾಲು ಕೇಳುಗರ ಕಣ್ಣಿಗೆ ಕಾಣುವುದಿಲ್ಲ. ಪಿಟೀಲು, ಕೊಳಲು, ಡ್ರಮ್ಸು ನುಡಿಸಿದವರಿಲ್ಲದೆ ಆ ಹಾಡುಗಳು ನಿಲ್ಲುತ್ತಿರಲಿಲ್ಲ. ಆದರೂ ಅಂತರಾಗ್ನಿ ಒಡೆದಂತೆ ಪ್ರಾಜೆಕ್ಟು ಒಡೆಯದೆ ನಡೆದದ್ದು ಈ ಸಡಿಲ ಕಟ್ಟಿನಿಂದಲೇ ಎಂದು ನನ್ನ ತೀರ್ಮಾನ.

ಹಾಡು ಸಿದ್ಧವಿದ್ದರೂ ಅದನ್ನು ಹೊರತರುವ ಕಂಪನಿ ಸಿಗಲಿಲ್ಲ. 1990ರ ದಶಕದಲ್ಲಿ ಎಂಟಿವಿ, ಚಾನೆಲ್ ವಿ ವಾಹಿನಿಗಳ ಬಲದಿಂದ ಎದ್ದ ಇಂಡಿಪಾಪ್ ಅಲೆ ಹೊಸ ಶತಮಾನದ ಹೊತ್ತಿಗೆ ಇಳಿದುಹೋಗಿತ್ತು. ಕಂಪನಿಗಳು ಮತ್ತೆ ಸಿನಿಮಾ ಹಾಡಿನ ಕಡೆಗೇ ತಿರುಗಿದ್ದವು. ಅಂಥ ಹೊತ್ತಿನಲ್ಲಿ ಹಿಂದಿ, ಕನ್ನಡ, ಇಂಗ್ಲಿಷು ಮೂರೂ ಇರುವ ಆಲ್ಬಮ್ಮನ್ನು ಅಂಗಡಿಯ ಯಾವ ಕಪಾಟಿನಲ್ಲಿ ಇಡುವುದು? ವರ್ಷಗಟ್ಟಲೆ ಇಲ್ಲ ಎಂಬ ಮಾತೇ ಬಂತು. ಹೀಗಾಗಿ ಬ್ಯಾಂಡು ಹೊಟ್ಟೆ ಹೊರೆದದ್ದು ವೇದಿಕೆಯಿಂದ. ಮುಂಬೈಯ ಕ್ಲಬ್ಬೊಂದರಲ್ಲಿ ಹಾಡುವಾಗ ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ಕೇಳಿದರು. ಕೇಳಿ ಮೆಚ್ಚಿ ತಾವೇ ಹೊಸದಾಗಿ ಹುಟ್ಟುಹಾಕಿದ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಎಂಬ ಸಂಸ್ಥೆಯಿಂದ 2008ರಲ್ಲಿ ಮೊದಲ ಆಲ್ಬಮ್ಮನ್ನು ಹೊರತಂದರು. ಅದರ ಹೆಸರಿನಲ್ಲಿ ಒಡೆದ ಹಳೆಯ ಬ್ಯಾಂಡಿನ ಹೆಸರೂ ಉಳಿಯಿತು: ‘ಅಂತರಾಗ್ನಿ: ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ಸಿನಿಮಾದಲ್ಲಿ ಗೆದ್ದವರು ಸಿನಿಮಾ ಅಲ್ಲದ ಹಾಡಿಗೆ ಹಣ ಹಾಕಿದ ಅಪರೂಪದ ಪ್ರಸಂಗವಿದು. ಅದೇ ವರ್ಷ ಕೇರಳದ ಅವಿಯಲ್ ತನ್ನ ಮೊದಲ ಆಲ್ಬಮ್ಮು ತಂದಿತು. ದಕ್ಷಿಣದ ಸ್ವತಂತ್ರ ಬ್ಯಾಂಡುಗಳಿಗೆ 2008 ಒಂದು ಗಡಿಗಲ್ಲು.

ಆ ಆಲ್ಬಮ್ಮಿನಲ್ಲಿ ‘ಮೈಸೂರ್ ಸೆ ಆಯೀ’, ‘ಹೇ ಭಗವಾನ್’ನಂಥ ಹಿಂದಿ ಹಾಡುಗಳಿವೆ. ಒಬ್ಬ ಪ್ರೇಮಿಯ ಒಡೆದ ಎದೆಯನ್ನು ತೋಡಿಕೊಳ್ಳುವ ‘ನೋ ಮ್ಯಾನ್ ವಿಲ್ ಎವರ್ ಲವ್ ಯೂ’ ಎಂಬ ಇಂಗ್ಲಿಷು ಹಾಡಿದೆ. ಎಮೋ-ಪಾಪಿನ ಗುಣವನ್ನು ಯಾರಾದರೂ ಹುಡುಕಿದರೆ ಅವರಿಗೆ ಮೊದಲು ಸಿಗುವುದು ಆ ಹಾಡು. ಆದರೆ ನಾನು ಒತ್ತಿ ಹೇಳಬೇಕಾದದ್ದು ಬೇರೆ. ಆ ಆಲ್ಬಮ್ಮಿನ ಎದೆಯ ನಡುವೆ ಇರುವುದು ಷರೀಫರ ‘ಗುಡುಗುಡಿಯಾ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’.

ಷರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದವರು. ಕಳಸದ ಗೋವಿಂದಭಟ್ಟರ ಶಿಷ್ಯರು. ಕಣ್ಣಿಗೆ ಬಿದ್ದ ವಸ್ತುವೊಂದನ್ನು ಹಿಡಿದು ದೇಹ, ಮನಸ್ಸು, ಮಾಯೆಯ ಮಾತಿಗೆ ಏರುವುದು ಅವರ ಪದಗಳ ಹಾದಿ. ಗುಡುಗುಡಿ ಸೇದುವುದು ಒಂದು ಪದಕ್ಕೆ ಸಾಕು, ಸೋರುವ ಮಾಳಿಗೆ ಇನ್ನೊಂದಕ್ಕೆ ಸಾಕು. ಪಲ್ಲವಿ ಚಿಕ್ಕದು, ಮತ್ತೆ ಮತ್ತೆ ಬರುವಂಥದ್ದು. ನುಡಿಗಳು ಒಂದರ ಮೇಲೊಂದು ಅರ್ಥದ ಪದರ ಕಟ್ಟುತ್ತವೆ. ಕೊನೆಯ ನುಡಿಯಲ್ಲಿ ಶಿಶುನಾಳಧೀಶನ ಅಂಕಿತ. ಮುಮ್ಮೇಳದವರು ಎತ್ತಿಕೊಟ್ಟ ಪಲ್ಲವಿಯನ್ನು ಹಿಮ್ಮೇಳ ಮರಳಿ ಹಾಡುವುದಕ್ಕೆ ಹೇಳಿ ಮಾಡಿಸಿದ ಕಟ್ಟಡವಿದು. ಸಾವಿರ ಜನ ನಿಂತಿರುವ ಮೈದಾನದಲ್ಲಿ ಹಾಡುಗಾರ ಪಲ್ಲವಿ ಎತ್ತಿಕೊಟ್ಟು ಮೈಕನ್ನು ಜನರತ್ತ ಹಿಡಿಯುವ ರಾಕ್ ಪದ್ಧತಿಗೂ ಅದೇ ಕಟ್ಟಡ ಬೇಕು. ಭಾಷೆ ತಿಳಿಯದವರೂ ಎರಡನೆಯ ಸುತ್ತಿಗೆ ಪಲ್ಲವಿ ಹಿಡಿದುಬಿಡುತ್ತಾರೆ. ಷರೀಫರ ಪದ ಗಿಟಾರಿಗೆ ಇಷ್ಟು ಸಲೀಸಾಗಿ ಒಗ್ಗಿದ್ದರ ಗುಟ್ಟು ಇದು.

ರಘು ಇಲ್ಲಿ ಧೈರ್ಯದ ಕೆಲಸವನ್ನೂ ಮಾಡಿದರು. ‘ಸೋರುತಿಹುದು’ ಪದಕ್ಕೆ ಅಶ್ವತ್ಥರ ಧಾಟಿ ಕನ್ನಡಿಗರ ಕಿವಿಯಲ್ಲಿ ಅಚ್ಚೊತ್ತಿದ್ದ ಕಾಲ. ಅದನ್ನು ಬಿಟ್ಟು ತಮ್ಮದೇ ಧಾಟಿ ಕಟ್ಟಿದರು. ಹಳೆಯ ಮ್ಯಾಳದ ಧಾಟಿ ಬೇರೆ, ಅಶ್ವತ್ಥರ ಧಾಟಿ ಬೇರೆ, ಈ ಬ್ಯಾಂಡಿನದು ಬೇರೆ. ಪದ ಒಂದೇ. ತತ್ವಪದದ ಪರಂಪರೆಯಲ್ಲಿ ಇದು ಅಪಚಾರವಲ್ಲ. ಊರಿಂದೂರಿಗೆ ಧಾಟಿ ಬದಲಾಗುತ್ತಲೇ ಬಂದದ್ದನ್ನು ಮ್ಯಾಳದವರೆಲ್ಲ ಬಲ್ಲರು. ಆದರೆ ಒಂದು ನಷ್ಟವನ್ನೂ ಹೇಳಲೇಬೇಕು. ಮ್ಯಾಳದಲ್ಲಿ ಪದ ಮುಗಿದ ಮೇಲೆ ಹಿರಿಯರೊಬ್ಬರು ಅದರ ಅರ್ಥ ಬಿಡಿಸುತ್ತಾರೆ, ಇನ್ನೊಬ್ಬರು ಅದಕ್ಕೆ ಎದುರು ಪದ ಎತ್ತುತ್ತಾರೆ, ಹೀಗೆ ರಾತ್ರಿ ಬೆಳೆಯುತ್ತದೆ. ಐದು ನಿಮಿಷದ ಹಾಡಿನಲ್ಲಿ, ಕುಣಿಯುವ ಜನರ ನಡುವೆ ಆ ಬಿಡಿಸುವಿಕೆಗೆ ಜಾಗವಿಲ್ಲ. ಉತ್ಸಾಹ ಸಿಗುತ್ತದೆ, ಅನುಭಾವದ ಅರ್ಥ ಅರ್ಧ ಉಳಿದುಹೋಗುತ್ತದೆ. ಬ್ಯಾಂಡನ್ನು ಮನಸಾರೆ ಮೆಚ್ಚುವ ನಾನು ಈ ಮಾತನ್ನು ಅಷ್ಟೇ ಮನಸಾರೆ ಹೇಳುತ್ತೇನೆ.

ಬ್ಯಾಂಡಿನ ಏಳಿಗೆ ನಡೆದದ್ದು ಊರಿಂದ ದೂರದಲ್ಲಿ. 2010ರಲ್ಲಿ ಬ್ರಿಟನ್ನಿನ ಬಿಬಿಸಿ ವಾಹಿನಿಯ ಹೆಸರಾಂತ ಸಂಗೀತ ಕಾರ್ಯಕ್ರಮ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ನಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ಹಾಡಿತು. ಅದರ ಬೆನ್ನಿಗೇ ಅವರ ಆಲ್ಬಮ್ಮು ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆ ಕೊಡುವ ಶ್ರೇಷ್ಠ ಹೊಸಬರ ಪ್ರಶಸ್ತಿ ಸಿಕ್ಕಿತು. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. 2012ರಲ್ಲಿ ರಾಣಿ ಎರಡನೆಯ ಎಲಿಜಬೆತ್ ಅವರ ಆಳ್ವಿಕೆಯ ವಜ್ರ ಮಹೋತ್ಸವದ ಕಾರ್ಯಕ್ರಮದಲ್ಲೂ ಹಾಡಿದರು. ಬಣ್ಣಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ವೇದಿಕೆಗೆ ಬರುತ್ತಿದ್ದ ಬ್ಯಾಂಡು ಅಲ್ಲಿನವರ ಕಣ್ಣಿಗೆ ಹೊಸದು. ಹೊರಗಿನವರ ಕುತೂಹಲಕ್ಕಾಗಿ ತೊಟ್ಟ ವೇಷ ಅದಾಗಿದ್ದರೆ ಬಹುಕಾಲ ಬಾಳುತ್ತಿರಲಿಲ್ಲ. ಬೆಂಗಳೂರಿನ ಕಾಲೇಜು ವೇದಿಕೆಯಲ್ಲೂ ಅದೇ ಲುಂಗಿ, ಅದೇ ಗೆಜ್ಜೆ.

ಲಂಡನ್ನಿನಲ್ಲಿ ಮೆಚ್ಚಿದ ಮೇಲೆ ಇಲ್ಲಿನವರು ಮೆಚ್ಚಿದರು ಎಂದು ಕೆಲವರು ಬೇಸರದಿಂದ ಹೇಳುತ್ತಾರೆ. ಆ ಮಾತು ಪೂರ್ತಿ ನಿಜವಲ್ಲ. ಕನ್ನಡ ನಾಡಿನ ಹಳ್ಳಿಗಳಿಗೆ ರಘು ದೀಕ್ಷಿತರ ದನಿ ಮೊದಲು ಮುಟ್ಟಿದ್ದು 2008ರ ‘ಸೈಕೋ’ ಚಿತ್ರದ ಮಾದೇಶ್ವರನ ಹಾಡಿನಿಂದ. ಆ ಚಿತ್ರಕ್ಕೆ ಸಂಗೀತ ಅವರದೇ. ಮಲೆಯ ಮಾದಪ್ಪನ ಹೆಸರು ಗಿಟಾರಿನ ಜೊತೆ ಆಟೋಗಳಲ್ಲಿ, ಗಣಪತಿ ಪೆಂಡಾಲುಗಳಲ್ಲಿ ಕೇಳಿಬಂತು. 2010ರಲ್ಲಿ ‘ಜಸ್ಟ್ ಮಾತ್ ಮಾತಲ್ಲಿ’, ಬಹಳ ವರ್ಷಗಳ ನಂತರ 2020ರಲ್ಲಿ ‘ಲವ್ ಮಾಕ್‌ಟೇಲ್’ ಚಿತ್ರಗಳಿಗೂ ಅವರೇ ಸಂಗೀತ ಕೊಟ್ಟರು. ಸಿನಿಮಾದ ಹೊರಗೆ ನಿಂತು ಬೆಳೆದವನು ಸಿನಿಮಾಕ್ಕೆ ತನ್ನ ಷರತ್ತಿನ ಮೇಲೆ ಹೋಗಿ ಬರಬಹುದು ಎಂಬುದಕ್ಕೆ ಇದು ನಿದರ್ಶನ. ಸ್ವತಂತ್ರ ಎಂದರೆ ಸಿನಿಮಾಕ್ಕೆ ಕಾಲಿಡದೆ ಇರುವುದು ಎಂದು ಹಟ ಹಿಡಿಯುವವರನ್ನು ನಾನು ಒಪ್ಪುವುದಿಲ್ಲ. ಸಿನಿಮಾ ಕರೆಯದಿದ್ದರೂ ಬ್ಯಾಂಡು ನಡೆಯಬೇಕು, ಅಷ್ಟೇ. 2013ರಲ್ಲಿ ‘ಜಗ್ ಚಂಗಾ’ ಎಂಬ ಎರಡನೆಯ ಆಲ್ಬಮ್ಮು ಬಂತು. ಅದರಲ್ಲೂ ಷರೀಫರು ಇದ್ದರು, ‘ಲೋಕದ ಕಾಳಜಿ’ಯಾಗಿ.

ಈ ಚರಿತ್ರೆಯನ್ನು ಒಬ್ಬರ ಕಥೆಯಾಗಿ ಮುಗಿಸಿದರೆ ತಪ್ಪಾಗುತ್ತದೆ. ರಘು ಅವರ ತಮ್ಮ ವಾಸು ದೀಕ್ಷಿತ್ ‘ಸ್ವರಾತ್ಮ’ ಬ್ಯಾಂಡಿನ ಹಾಡುಗಾರ. 2002ರಲ್ಲಿ ಮೊದಲಾದ ಈ ಬ್ಯಾಂಡು 2006ರಲ್ಲಿ ರೇಡಿಯೋ ಸಿಟಿ ಲೈವ್ ಸ್ಪರ್ಧೆಯಲ್ಲಿ ಗೆದ್ದ ಮೇಲೆ ಜನರ ಕಣ್ಣಿಗೆ ಬಿತ್ತು. 2009ರಲ್ಲಿ ತನ್ನದೇ ಹೆಸರಿನ ಆಲ್ಬಮ್ಮು ಬಂತು. ಅದರಲ್ಲಿ ‘ಈ ಭೂಮಿ’ ಎಂಬ ಕನ್ನಡ ಹಾಡಿದೆ. ಅದೇ ವರ್ಷ ಬ್ರಿಟಿಷ್ ಕೌನ್ಸಿಲ್ಲಿನ ಸೌಂಡ್‌ಪ್ಯಾಡ್ ಯೋಜನೆಗೆ ಆಯ್ದ ನಾಲ್ಕು ಭಾರತೀಯ ಬ್ಯಾಂಡುಗಳಲ್ಲಿ ಸ್ವರಾತ್ಮವೂ ಒಂದು. ಧ್ವನಿಮುದ್ರಣದ ಪ್ರಸಿದ್ಧ ನಿರ್ಮಾಪಕ ಜಾನ್ ಲೆಕಿ ಆ ಹಾಡುಗಳನ್ನು ಸಿದ್ಧಪಡಿಸಿದರು. 2011ರಲ್ಲಿ ‘ದಿ ಡ್ಯೂವರಿಸ್ಟ್ಸ್’ ಸರಣಿಯಲ್ಲಿ ಹಿಂದೂಸ್ತಾನಿ ಗಾಯಕಿ ಶುಭಾ ಮುದ್ಗಲ್ ಅವರೊಡನೆ ‘ದೂರ್ ಕಿನಾರಾ’ ಎಂಬ ಹಾಡು ಕಟ್ಟಿದರು. 2012ರಲ್ಲಿ ‘ಟೋಪಿವಾಲೆ’, 2018ರಲ್ಲಿ ‘ರಾಹ್-ಎ-ಫಕೀರಾ’ ಬಂದವು.

ಸ್ವರಾತ್ಮದ ಕಟ್ಟು ರಘು ಅವರ ಬ್ಯಾಂಡಿಗಿಂತ ಭಿನ್ನ. ಇಲ್ಲಿ ಹೆಸರು ಯಾರೊಬ್ಬರದೂ ಅಲ್ಲ. ಬಾಸ್ ಗಿಟಾರಿನ ಜಿಷ್ಣು ದಾಸಗುಪ್ತ, ಪಿಟೀಲಿನ ಸಂಜೀವ್ ನಾಯಕ್, ಗಿಟಾರಿನ ವರುಣ್ ಮುರಳಿ, ಡ್ರಮ್ಸಿನ ಮೋಂಟ್ರಿ ಮ್ಯಾನುವೆಲ್, ತಾಳವಾದ್ಯದ ಪವನ್ ಕುಮಾರ್ ಬಹುಕಾಲ ಒಟ್ಟಿಗೆ ನಿಂತರು. ವಾಸು ವೇದಿಕೆಯ ಮೇಲೆ ಕೀಲುಕುದುರೆ ಕಟ್ಟಿಕೊಂಡು ಕುಣಿದದ್ದುಂಟು. ಜಾತ್ರೆಯ ಕೀಲುಕುದುರೆ ಕಂಡು ಬೆಳೆದವರಿಗೆ ಅದರ ಬೆಲೆ ಬೇಗ ತಿಳಿಯುತ್ತದೆ. ಅಣ್ಣನದು ಒಬ್ಬನ ಹೆಸರಿನ ತೆರೆದ ಮನೆ, ತಮ್ಮನದು ಎಲ್ಲರೂ ಪಾಲುದಾರರಾದ ಒಕ್ಕಲು. ಎರಡೂ ಒಂದೇ ಮೈಸೂರಿನ ಒಂದೇ ಮನೆಯಿಂದ ಹೊರಟು, ಎರಡು ದಶಕ ಬಾಳಿ ತೋರಿಸಿದವು. ಬ್ಯಾಂಡು ಕಟ್ಟಲು ಹೊರಟವರು ಇವೆರಡನ್ನೂ ಮುಂದಿಟ್ಟುಕೊಂಡು ತಮಗೆ ಯಾವುದು ಹೊಂದುತ್ತದೆ ಎಂದು ನೋಡಬಹುದು.

ಹಣದ ವಿಷಯವನ್ನು ನಮ್ಮ ಸ್ಮರಣ ಸಂಚಿಕೆಗಳು ಸಾಮಾನ್ಯವಾಗಿ ಬರೆಯುವುದಿಲ್ಲ. ಇಲ್ಲಿ ಬರೆಯದೆ ಹೋದರೆ ಚರಿತ್ರೆ ಅರ್ಧವಾಗುತ್ತದೆ. ಸ್ವತಂತ್ರ ಬ್ಯಾಂಡಿಗೆ ಆಲ್ಬಮ್ಮು ಮಾರಾಟದಿಂದ ಬರುವ ಹಣ ಸಣ್ಣದು. ಸಿಡಿಯ ಕಾಲ ಮುಗಿದು ಮೊಬೈಲಿನಲ್ಲಿ ಹಾಡು ಕೇಳುವ ಕಾಲ ಬಂದ ಮೇಲೆ ಒಂದು ಸಲ ಕೇಳಿದ್ದಕ್ಕೆ ಸಿಗುವುದು ಪೈಸೆಗಳ ಲೆಕ್ಕ. ಕಾರ್ಯಕ್ರಮದ ಸಂಭಾವನೆಯೇ ದೊಡ್ಡ ಆಧಾರ: ಕಾಲೇಜು ಉತ್ಸವ, ಕಂಪನಿಗಳ ವಾರ್ಷಿಕೋತ್ಸವ, ಸರ್ಕಾರದ ದಸರಾ, ವಿದೇಶದ ಕನ್ನಡ ಕೂಟಗಳ ಆಹ್ವಾನ. ಅದರಲ್ಲಿ ವಾದ್ಯದವರ ಪಾಲು, ಧ್ವನಿ ವ್ಯವಸ್ಥೆಯವರ ಪಾಲು, ಪ್ರಯಾಣ, ಅಭ್ಯಾಸದ ಕೋಣೆಯ ಬಾಡಿಗೆ ಕಳೆದು ಉಳಿದದ್ದು ಮುಂದಿನ ಧ್ವನಿಮುದ್ರಣಕ್ಕೆ. ಆದ್ದರಿಂದ ವೇದಿಕೆಯ ಮೇಲೆ ಒಂದೂವರೆ ಗಂಟೆ ಜನರನ್ನು ಹಿಡಿದಿಡಲಾರದ ಬ್ಯಾಂಡು ಎಷ್ಟೇ ಒಳ್ಳೆಯ ಹಾಡು ಮುದ್ರಿಸಿದರೂ ಬದುಕುವುದು ಕಷ್ಟ. ರಘು, ವಾಸು ಇಬ್ಬರೂ ಮೊದಲು ವೇದಿಕೆಯ ಜನ, ಆಮೇಲೆ ಸ್ಟುಡಿಯೋದ ಜನ.

ನಮ್ಮ ಮ್ಯಾಳಗಳ ಲೆಕ್ಕವೂ ಹಾಗೆಯೇ ನಡೆದು ಬಂದಿದೆ. ಪೇಟಿ ರಿಪೇರಿಗೆ ಪಟ್ಟಿ ಹಾಕಿ ಹಣ ಕೂಡಿಸುವುದು, ಆಹ್ವಾನ ಕೊಟ್ಟ ಊರಿನವರು ಊಟ, ಗಾಡಿ ಖರ್ಚು, ಟೊಪ್ಪಿಗೆ-ಶಾಲು, ಕಾಯಿ ಕೊಡುವುದು, ಹೀಗೆ ಯಾವ ಕಂಪನಿಯ ಮುಖವನ್ನೂ ನೋಡದೆ ತಲೆಮಾರುಗಳು ಕಳೆದಿವೆ. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ಮರುವಿಂಗಡಿಸಿದಾಗ ಅಕ್ಕಲಕೋಟ ಕರ್ನಾಟಕದ ಹೊರಗೆ ಉಳಿಯಿತು. 1967ರಲ್ಲಿ ಗಡಿ ವಿವಾದವನ್ನು ವಿಚಾರಿಸಿದ ಮಹಾಜನ ಆಯೋಗ ಈ ತಾಲ್ಲೂಕು ಕರ್ನಾಟಕಕ್ಕೆ ಸೇರಬೇಕೆಂದರೂ ಅದು ಕಾಗದದಲ್ಲೇ ನಿಂತಿತು. ಸರ್ಕಾರದ ಕನ್ನಡ ಇಲ್ಲದ ಕಡೆ ಕನ್ನಡವನ್ನು ಹಿಡಿದು ನಿಂತದ್ದರಲ್ಲಿ ಶಾಲೆಗಳ ಮಾಸ್ತರರಷ್ಟೇ ಪಾಲು ಮ್ಯಾಳಗಳದ್ದು. ಸೋಲಾಪುರದ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಏರಿದ ಮೊದಲ ಮಹಿಳೆಯಾದಾಗ, ಈ ಸೀಮೆಯ ಕನ್ನಡಕ್ಕೆ ಪುಸ್ತಕದ ಗೌರವ ಸಂದಿತು. ಹಾಡಿನ ಗೌರವ ಇನ್ನೂ ಬಾಕಿ ಇದೆ.

ಷರೀಫರು ಬ್ಯಾಂಡುಗಳ ಕೈಗೆ ಸಿಕ್ಕರು. ಅವರ ಹಿಂದೆ ಅಶ್ವತ್ಥರ ಕ್ಯಾಸೆಟ್ಟುಗಳಿದ್ದವು, ಚಿತ್ರವಿತ್ತು. ನಮ್ಮ ಪಕ್ಕದ ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪನವರು, ಅವರ ಶಿಷ್ಯ ಪರಂಪರೆಯ ಖೈನೂರು ಕೃಷ್ಣಪ್ಪ, ಚೆನ್ನೂರು ಜಲಾಲಸಾಹೇಬ, ತೆಲಗಬಾಳ ರೇವಪ್ಪ ಇವರ ಪದಗಳಿಗೆ ಅಷ್ಟು ದೊಡ್ಡ ಕಿವಿ ಸಿಕ್ಕಿಲ್ಲ. ಕರ್ನಾಟಕ ಸರ್ಕಾರದ ಸಂತಕವಿ ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳನ್ನು ಹತ್ತಾರು ಸಂಪುಟಗಳಲ್ಲಿ ಅಚ್ಚು ಮಾಡಿದೆ. ಆದರೆ ಪುಸ್ತಕದಲ್ಲಿ ಇರುವುದು ಸಾಹಿತ್ಯ. ಧಾಟಿ ಇರುವುದು ಅಕ್ಕಲಕೋಟದ, ಅಫಜಲಪುರದ, ಜೇವರ್ಗಿಯ ಹಿರಿಯ ಹಾಡುಗಾರರ ಗಂಟಲಿನಲ್ಲಿ. ಗಿಟಾರು ಹಿಡಿದ ಹುಡುಗ ತನ್ನದೇ ಧಾಟಿ ಕಟ್ಟಲಿ, ಅದಕ್ಕೆ ಅಡ್ಡಿಯಿಲ್ಲ. ಕಟ್ಟುವ ಮುಂಚೆ ಹಳೆಯದನ್ನು ಒಮ್ಮೆ ಕೇಳಿರಲಿ, ಕೇಳಿದ್ದನ್ನು ಮೊಬೈಲಿನಲ್ಲಾದರೂ ಮುದ್ರಿಸಿ, ಹಾಡಿದವರ ಹೆಸರು, ಊರು, ಪದ ಕಲಿತದ್ದು ಯಾರಿಂದ ಎಂಬುದನ್ನು ಅದರ ಜೊತೆಗೇ ಬರೆದಿಡಲಿ.